ನೋಡದೆ ಬಿಟ್ಟದ್ದಕ್ಕೂ ಒಂದು ಸಾಲು

ಬೇರೆಯವರು ಬರೆದ ಪ್ರೋಗ್ರಾಮ್ ತೆರೆದಾಗ ನನ್ನ ಕಣ್ಣು ಮೊದಲು ಹುಡುಕುವುದು ಕೋಡನ್ನಲ್ಲ, ಹ್ಯಾಶ್ ಚಿಹ್ನೆಯ ಮುಂದೆ ಮನುಷ್ಯರ ಮಾತಿನಲ್ಲಿ ಬರೆದಿಟ್ಟ ಕಾಮೆಂಟುಗಳನ್ನು. ಅದರಲ್ಲೂ ಟೆಸ್ಟ್ ಫೈಲುಗಳ ಕಾಮೆಂಟೆಂದರೆ ನನಗೆ ವಿಶೇಷ ಪ್ರೀತಿ. ‘ಪ್ರೋಗ್ರಾಮ್ ಶುರುವಾಗುತ್ತದೋ ಇಲ್ಲವೋ ಎಂದು ಮಾತ್ರ ಇಲ್ಲಿ ನೋಡಿದ್ದೇನೆ. ಪ್ರಿಂಟ್ ಸರಿಯಾಗಿ ಬರುತ್ತದೆಯೇ ಎಂದು ನೋಡಿಲ್ಲ, ಟೆಸ್ಟ್ ಓಡುವ ಯಂತ್ರಕ್ಕೆ ಪ್ರಿಂಟರ್ ಇಲ್ಲ.’ ಈ ಬಗೆಯ ಎರಡು ಸಾಲು ಸಿಕ್ಕಿದರೆ ದಿನವಿಡೀ ಮನಸ್ಸು ಹಗುರ. ಬರೆದವರು ಯಾವ ದೇಶದವರೋ, ಯಾವ ಹೊತ್ತಿನಲ್ಲಿ ಬರೆದರೋ ತಿಳಿಯದು. ತಮ್ಮ ಹಿಂದೆ ಇನ್ನೊಬ್ಬರು ಬಂದೇ ಬರುತ್ತಾರೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. ಹಾಗೆ ಬರುವವರ ಮೇಲಿನ ಕಾಳಜಿಯೇ ಆ ಎರಡು ಸಾಲು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆಯ ಹತ್ತಿರ ನಮ್ಮ ಮನೆ. ತಂತ್ರಾಂಶದ ಪ್ಯಾಕೇಜುಗಳನ್ನು ಕಟ್ಟುವ, ಕಟ್ಟಿದ್ದನ್ನು ಪರೀಕ್ಷಿಸುವ ಕೆಲಸ ನನ್ನದು. ಲಿನಕ್ಸಿನಲ್ಲಿ ತಂತ್ರಾಂಶ ಸಾಮಾನ್ಯವಾಗಿ ಪ್ಯಾಕೇಜಾಗಿ ಬರುತ್ತದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯೊಂದರಲ್ಲೇ ಅಂಥವು ಹತ್ತಾರು ಸಾವಿರ ಇವೆ. ನೋಡಿಕೊಳ್ಳುವವರು ಲೋಕದ ಮೂಲೆಮೂಲೆಯ ಸ್ವಯಂಸೇವಕರು. ಒಂದು ಪ್ಯಾಕೇಜ್ ಇನ್ನೊಂದನ್ನು ನಂಬಿಕೊಂಡಿರುತ್ತದೆ, ಅದು ಮತ್ತೊಂದನ್ನು. ಅಡಿಯಲ್ಲಿರುವುದು ಬದಲಾದರೆ ಮೇಲಿರುವುದೆಲ್ಲ ಇನ್ನೂ ಸರಿಯಾಗಿದೆಯೇ ಎಂದು ಕೂತು ನೋಡುವಷ್ಟು ಜನರಿಲ್ಲ. ಹಾಗಾಗಿ ಆ ಕೆಲಸ ಯಂತ್ರದ್ದು. 2006ರಲ್ಲಿ ಇಯಾನ್ ಜಾಕ್ಸನ್ ಉಬುಂಟು ಎಂಬ ಇನ್ನೊಂದು ಲಿನಕ್ಸ್ ವಿತರಣೆಗಾಗಿ ಬರೆದ ಆಟೋಪಿಕೆಜಿಟೆಸ್ಟ್ ಎಂಬ ಸಾಧನ ಇಂದು ಡೆಬಿಯನ್‌ನಲ್ಲೂ ಹಗಲಿರುಳು ದುಡಿಯುತ್ತಿದೆ. ಪ್ಯಾಕೇಜನ್ನು ಖಾಲಿ ಯಂತ್ರವೊಂದರಲ್ಲಿ ಇನ್‌ಸ್ಟಾಲ್ ಮಾಡಿ, ಜತೆಗಿರುವ ಟೆಸ್ಟುಗಳನ್ನು ಓಡಿಸಿ, ಪಾಸೋ ಫೇಲೋ ಎಂದು ಬರೆದಿಡುತ್ತದೆ.

ಪಾಸ್ ಎಂಬ ಹಸಿರು ಗುರುತು ನೋಡುವುದಕ್ಕೆ ಚೆಂದ. ಆದರೆ ಏನನ್ನು ನೋಡಿ ಪಾಸ್ ಎಂದರು ಎನ್ನುವುದು ಆ ಹಸಿರಿನಲ್ಲಿ ಕಾಣುವುದಿಲ್ಲ. ಪ್ರೋಗ್ರಾಮಿಗೆ ಅದರ ಆವೃತ್ತಿ ಯಾವುದೆಂದು ಕೇಳಿ, ಉತ್ತರ ಬಂದ ಕೂಡಲೇ ಪಾಸ್ ಮಾಡುವ ಟೆಸ್ಟುಗಳಿವೆ. ನೂರಾರು ಲೆಕ್ಕ ಮಾಡಿಸಿ, ಒಂದೊಂದು ಉತ್ತರವನ್ನೂ ತಾಳೆ ನೋಡುವ ಟೆಸ್ಟುಗಳೂ ಇವೆ. ಎರಡಕ್ಕೂ ಸಿಗುವುದು ಒಂದೇ ಹಸಿರು. ಡೆಬಿಯನ್ ಕಟ್ಟಿದವರು ಇದನ್ನು ಮನಗಂಡು, ಟೆಸ್ಟುಗಳ ವಿವರ ಬರೆಯುವ ಫೈಲಿನಲ್ಲಿಯೇ ಮಿತಿಗಳನ್ನು ಹೇಳಿಕೊಳ್ಳುವುದಕ್ಕೂ ಜಾಗ ಇಟ್ಟರು. ‘ಸೂಪರ್‌ಫಿಶಿಯಲ್’ ಎಂದು ಬರೆದರೆ, ಇದು ಮೇಲ್ಮೇಲಿನ ಪರೀಕ್ಷೆ, ಹೆಚ್ಚು ನಂಬಬೇಡಿ ಎಂದು ಅರ್ಥ. ಅಂಥ ಟೆಸ್ಟ್ ಪಾಸಾದರೂ ಅದನ್ನು ತಟಸ್ಥ ಎಂದು ಹಿಡಿಯುತ್ತಾರೆಯೇ ಹೊರತು ಗೆಲುವೆಂದಲ್ಲ. ‘ಫ್ಲೇಕಿ’ ಎಂದರೆ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಜಾತಿ. ಬೇಕಾದ ಅನುಕೂಲ ಆ ಯಂತ್ರದಲ್ಲಿ ಇಲ್ಲದಿದ್ದರೆ 77 ಎಂಬ ಸಂಖ್ಯೆ ಕೊಟ್ಟು ‘ನಾನು ನೋಡಲೇ ಇಲ್ಲ’ ಎಂದು ಹೊರಬರುವುದಕ್ಕೂ ದಾರಿ ಇದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಯಂತ್ರಕ್ಕೂ ಕಲಿಸಿದ ಈ ಏರ್ಪಾಡನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೂ ಈ ಗುರುತುಗಳಿಗೆ ಕಾರಣ ಹೇಳಲು ಬರುವುದಿಲ್ಲ. ಫ್ಲೇಕಿ ಎಂದಷ್ಟೇ ಇದ್ದರೆ, ಯಾಕೆ ಫ್ಲೇಕಿ? ಮಳೆಗಾಲದಲ್ಲಿ ನಮ್ಮ ಕಡೆ ಇದು ತುಂಬ ಚೆನ್ನಾಗಿ ಅರ್ಥವಾಗುತ್ತದೆ. ಆಟಿ ತಿಂಗಳಿನಲ್ಲಿ ಗಾಳಿ ಎದ್ದು ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತೆಂದರೆ ಕರೆಂಟು ಇಲ್ಲ. ಕರೆಂಟು ಬಂದರೆ ನೆಟ್ ಇಲ್ಲ. ನೆಟ್ ಬಂದರೂ ಉತ್ತರ ಬರುವಷ್ಟರಲ್ಲಿ ಟೆಸ್ಟಿನ ಗಡುವು ಮುಗಿದಿರುತ್ತದೆ. ಆಗ ಫೇಲಾದದ್ದು ಪ್ರೋಗ್ರಾಮಲ್ಲ, ಮಳೆ. ‘ಈ ಟೆಸ್ಟ್ ಹೊರಗಿನ ಸರ್ವರಿನ ಉತ್ತರಕ್ಕೆ ಐದು ಸೆಕೆಂಡ್ ಕಾಯುತ್ತದೆ, ನೆಟ್ ನಿಧಾನವಿದ್ದರೆ ಫೇಲಾಗುತ್ತದೆ, ಆಗ ಪ್ಯಾಕೇಜಿನಲ್ಲಿ ದೋಷ ಹುಡುಕಬೇಡಿ’ ಎಂದು ಯಾರಾದರೂ ಬರೆದಿಟ್ಟಿದ್ದರೆ ಬೆಳಗ್ಗಿನ ಹೊತ್ತು ಉಳಿಯುತ್ತದೆ. ಬರೆಯದಿದ್ದರೆ ಆ ಹೊತ್ತು ಮಳೆಗೇ ಹೋಯಿತು. ಅದಕ್ಕೇ ಗುರುತು ಸಾಲದು, ಅದರ ಪಕ್ಕದಲ್ಲಿ ಮಾತೂ ಬೇಕು.

ಮಳೆ ಎಂದಾಗ ಬೆಳ್ತಂಗಡಿ ತಾಲೂಕಿನಲ್ಲಿ, ಮಡಂತ್ಯಾರಿನ ಆಚೆ ಇರುವ ಸೋದರಮಾವನ ಅಡಿಕೆ ತೋಟ ನೆನಪಾಗುತ್ತದೆ. ಶಾಲೆಗೆ ಮಳೆಯ ರಜೆ ಸಿಕ್ಕಿದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಸಾಕು, ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಂದಿಗೂ ನಮ್ಮ ತೋಟಗಳನ್ನು ಕಾಯುವುದು ಅದೇ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆಯಾಗಿ ಕರಗಿಸಿ ಒಟ್ಟಿಗೆ ಹೊಯ್ದರೆ ಡ್ರಮ್ಮಿನಲ್ಲಿ ಆಕಾಶದ ಬಣ್ಣ ತುಂಬಿಕೊಳ್ಳುತ್ತಿತ್ತು.

ಮದ್ದು ಹದವಾಯಿತೇ ಎಂದು ನೋಡಲು ಮಾವ ಚೆನ್ನಾಗಿ ತಿಕ್ಕಿದ ಪೀಶಕತ್ತಿಯೊಂದನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ತುತ್ತು ಹೆಚ್ಚಾಗಿದೆ, ಎಳೆಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಕೆಂಪು ಕೂರದಿದ್ದರೆ ಪಾಸ್. ನಾನು ಕುಣಿದಾಡಿ, ‘ಮಾವಾ, ಸರಿಯಾಯ್ತು’ ಎನ್ನುತ್ತಿದ್ದೆ. ಮಾವ ಕತ್ತಿ ಒರೆಸುತ್ತಾ, ‘ತುತ್ತು ಹೆಚ್ಚಾಗಲಿಲ್ಲ ಅಂತ ಮಾತ್ರ ಗೊತ್ತಾಯಿತು ಮಾರಾಯ. ಸುಣ್ಣ ಹೆಚ್ಚಾದದ್ದನ್ನು ಕತ್ತಿ ಹೇಳುವುದಿಲ್ಲ. ಅದಕ್ಕೆ ಲಿಟ್ಮಸ್ ಕಾಗದವೇ ಬೇಕು’ ಎನ್ನುತ್ತಿದ್ದರು. ಸುಣ್ಣ ಮಿತಿಮೀರಿದರೆ ಕಾಯಿ ಸುಡದಿದ್ದರೂ ಮದ್ದಿನ ಕಸುವು ತಗ್ಗುತ್ತದೆ. ಪಂಪ್ ಶೆಡ್ಡಿನ ಗೋಡೆಯ ಮೇಲೆ, ತುತ್ತು ಸುಣ್ಣಗಳ ಲೆಕ್ಕದ ಕೆಳಗೆ, ಅದನ್ನೇ ಮಸಿಯಲ್ಲಿ ಬರೆದಿದ್ದರು. ತಾವು ಇಲ್ಲದ ದಿನ ಮದ್ದು ಕಲಸುವ ಆಳಿಗೆ ತಿಳಿಯಲಿ ಎಂದು. ಪರೀಕ್ಷೆ, ಅದರ ಮಿತಿ, ಮುಂದೆ ಮಾಡಬೇಕಾದದ್ದು, ಮೂರೂ ಆ ಗೋಡೆಯಲ್ಲಿದ್ದವು. ಒಳ್ಳೆಯ ಕಾಮೆಂಟ್ ಎಂದರೆ ಏನೆಂದು ನಾನು ಕಂಪ್ಯೂಟರ್ ಮುಟ್ಟುವ ಮೊದಲೇ ಅಲ್ಲಿ ನೋಡಿದ್ದೆ.

ಗೋಡೆಯ ಮೇಲೆ ಬರೆಯದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಜಗತ್ತಿಗೇ ಗೊತ್ತಿರುವ ಕಥೆಯೊಂದಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಹಾರಿತು. ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ದಾರಿ ತಪ್ಪಿ ಆಕಾಶದಲ್ಲೇ ಒಡೆದುಹೋಯಿತು. ದಿಕ್ಕು ಹೇಳುವ ಉಪಕರಣದ ತಂತ್ರಾಂಶ ಹಳೆಯ ಏರಿಯಾನ್ 4ರಿಂದ ಬಂದದ್ದು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಜಾಗ ಸಾಲಲಿಲ್ಲ. ಅಂಥ ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಉಳಿದ ಮೂರು ಅಷ್ಟು ದೊಡ್ಡದಾಗಲಾರವು ಎಂದು ಯೋಚಿಸಿಯೇ ಬಿಟ್ಟಿದ್ದರು. ಪ್ರೊಸೆಸರಿನ ಮೇಲೆ ಹೊರೆ ಹೆಚ್ಚಾಗಬಾರದೆಂಬ ಕಾರಣವೂ ಇತ್ತು. ಹಳೆಯ ರಾಕೆಟ್ಟಿನ ದಾರಿಗೆ ಆ ಯೋಚನೆ ಸರಿಯಾಗಿಯೇ ಇತ್ತು. ಹೊಸ ರಾಕೆಟ್ಟಿನ ವೇಗ ಬೇರೆ, ದಾರಿ ಬೇರೆ. ಆ ದಾರಿಯ ಅಂಕಿಗಳನ್ನು ಕೊಟ್ಟು ಉಪಕರಣವನ್ನು ಪರೀಕ್ಷಿಸಿರಲಿಲ್ಲ.

ಗಣಿತಜ್ಞ ಝಾಕ್ ಲೂಯಿ ಲಿಯೋನ್ಸ್ ಅವರ ತನಿಖಾ ಸಮಿತಿ ಕೊಟ್ಟ ವರದಿಯಲ್ಲಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವ ಮಾತೊಂದಿದೆ. ಆ ಮೂರನ್ನು ಯಾಕೆ ಬಿಟ್ಟೆವು ಎನ್ನುವ ಸಮರ್ಥನೆ ಮೂಲ ಕೋಡಿನಲ್ಲಿ ನೇರವಾಗಿ ಎಲ್ಲೂ ಸಿಗಲಿಲ್ಲವಂತೆ. ನಿರ್ಧಾರವಾಗಿತ್ತು, ಕಾರಣವಿತ್ತು, ಒಪ್ಪಿಗೆಯೂ ಇತ್ತು. ಬೆಟ್ಟದಷ್ಟು ಕಾಗದಗಳ ನಡುವೆ ಅದು ಹೊರಗಿನವರ ಕಣ್ಣಿಗೆ ಬೀಳದೆ ಹೋಯಿತು. ಬೇಕೆಂದು ಯಾರೂ ಮುಚ್ಚಿಟ್ಟಿರಲಿಲ್ಲ. ‘ಏರಿಯಾನ್ 4ರ ದಾರಿಯಲ್ಲಿ ಈ ಸಂಖ್ಯೆ ಮಿತಿ ದಾಟುವುದಿಲ್ಲ, ದಾರಿ ಬದಲಾದರೆ ಮತ್ತೆ ನೋಡಿ’ ಎಂದು ಆ ಸಾಲಿನ ಪಕ್ಕದಲ್ಲೇ ಇದ್ದಿದ್ದರೆ ರಾಕೆಟ್ ಉಳಿಯುತ್ತಿತ್ತು ಎಂದು ಹೇಳುವಷ್ಟು ನಾನು ತಿಳಿದವನಲ್ಲ. ಓದಿದವರೊಬ್ಬರು ಅಲ್ಲಿ ನಿಂತು ಯೋಚಿಸಲು ಕಾರಣವೊಂದು ಇರುತ್ತಿತ್ತು ಎಂದಷ್ಟೇ ಹೇಳಬಲ್ಲೆ. ತಪ್ಪು ಇದ್ದರೆ ಟೆಸ್ಟ್ ತೋರಿಸಬಹುದು, ಇಲ್ಲವೆಂದು ಸಾಧಿಸಲಾರದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಎಷ್ಟೋ ಮೊದಲೇ ಹೇಳಿದ್ದರು. ಆ ಕೊರತೆಯನ್ನು ಪೂರ್ತಿ ತುಂಬಲು ಯಾರಿಂದಲೂ ಆಗದು. ಎಲ್ಲಿ ಕೊರತೆ ಇದೆ ಎಂದು ಬರೆದಿಡಲು ಮಾತ್ರ ಎಲ್ಲರಿಂದಲೂ ಆಗುತ್ತದೆ.

ಹೀಗೆ ಬರೆದಿಟ್ಟವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಮುಂದೆ ಹೋಗುವ ಬಸ್ಸೇ ಮೂಡುಬಿದಿರೆಗೆ ತಲುಪಿಸುತ್ತದೆ. ಅಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಬಹಳ. ಅದಕ್ಕಿಂತ ನನ್ನನ್ನು ಹೆಚ್ಚು ಎಳೆಯುವುದು ಗುರುಬಸದಿ. ಸಿದ್ಧಾಂತ ಬಸದಿ ಎಂದೂ ಅದನ್ನು ಕರೆಯುತ್ತಾರೆ. ಷಟ್ಖಂಡಾಗಮ ಎಂಬ ದಿಗಂಬರ ಜೈನ ಸಿದ್ಧಾಂತ ಗ್ರಂಥ ಮತ್ತು ಅದಕ್ಕೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆಯ ಹಳಗನ್ನಡ ಲಿಪಿಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಇದು. ಬೇರೆಲ್ಲೂ ಉಳಿಯದ ಗ್ರಂಥ ಇಲ್ಲಿ ಉಳಿಯಿತು. ಯಾತ್ರಿಕರು ಸಿದ್ಧಾಂತ ದರ್ಶನಕ್ಕೆಂದು ಬಂದು ಗರಿಗಳಿಗೆ ಕೈಮುಗಿದು ಹೋಗುತ್ತಿದ್ದರು.

1896ರಲ್ಲಿ ಅವುಗಳ ನಕಲು ತೆಗೆಯುವ ಕೆಲಸ ಶುರುವಾಯಿತು. ಒಂದು ನಕಲು ಗುಟ್ಟಾಗಿ ಹೊರಗೂ ಹೋಯಿತು. ಅದರ ನಕಲು, ನಕಲಿನ ನಕಲು ಉತ್ತರದ ಊರುಗಳಲ್ಲಿ ಹರಡಿದವು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದುದು ಇಂಥ ಪ್ರತಿಗಳೇ, ಮೂಡುಬಿದಿರೆಯ ಗರಿಗಳಲ್ಲ. ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. ಎಲ್ಲವೂ ಒಂದೇ ಮೂಲದಿಂದ ಬಂದವಾದ್ದರಿಂದ ಎಲ್ಲದರಲ್ಲೂ ಇದ್ದ ತಪ್ಪು ತಾಳೆ ನೋಡುವುದರಿಂದ ಸಿಕ್ಕುವಂತಿರಲಿಲ್ಲ. ಆ ಪರೀಕ್ಷೆಯ ಮಿತಿ ಸಂಪಾದಕರಿಗೆ ಗೊತ್ತಿತ್ತು. 93ನೇ ಸೂತ್ರಕ್ಕೆ ಬಂದಾಗ, ಹಿಂದುಮುಂದಿನ ಅರ್ಥ ನೋಡಿದರೆ ಇಲ್ಲಿ ‘ಸಂಜದ’ (ಸಂಯಮವುಳ್ಳ) ಎಂಬ ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿ ಹಾಕಿದರು. ಕೈಯಲ್ಲಿರುವ ಪ್ರತಿಗಳು ಏನು ಹೇಳುತ್ತವೆ, ತಮಗೆ ಏನು ಅನುಮಾನ, ಎರಡನ್ನೂ ಬೇರೆಬೇರೆಯಾಗಿ ಓದುಗರ ಮುಂದಿಟ್ಟರು.

ಮುಂದೆ ಮೂಡುಬಿದಿರೆಯ ತಾಳೆಗರಿಯನ್ನೇ ಬಿಚ್ಚಿ ನೋಡಿದಾಗ ಆ ಪದ ಅಲ್ಲಿ ಇತ್ತು. ಅದು ಬರಿಯ ಕಾಗುಣಿತದ ಮಾತಾಗಿರಲಿಲ್ಲ. ಸ್ತ್ರೀಯರಿಗೆ ಪೂರ್ಣ ಸಂಯಮದ ಗುಣಸ್ಥಾನ, ಎಂದರೆ ಆತ್ಮದ ಏಳಿಗೆಯ ಆ ಹಂತ, ಉಂಟೇ ಎಂಬ ದೊಡ್ಡ ಪ್ರಶ್ನೆ ಆ ಒಂದು ಪದಕ್ಕೆ ಅಂಟಿಕೊಂಡಿತ್ತು. ದಿಗಂಬರ ವಿದ್ವಾಂಸರ ನಡುವೆ ಬಿಸಿಬಿಸಿ ಚರ್ಚೆಯಾಯಿತು. ಅನುಮಾನವನ್ನು ನುಂಗಿಕೊಂಡು ಸಾಲನ್ನು ಹಾಗೇ ಅಚ್ಚು ಮಾಡಿದ್ದರೆ, ಅಥವಾ ಯಾರಿಗೂ ಹೇಳದೆ ಪದ ಸೇರಿಸಿಬಿಟ್ಟಿದ್ದರೆ, ಮೂಲದ ಗರಿಯಲ್ಲಿ ಯಾವ ಸಾಲನ್ನು ಹುಡುಕಬೇಕೆಂದು ಯಾರಿಗೆ ತಿಳಿಯುತ್ತಿತ್ತು? ಆ ಅಡಿಟಿಪ್ಪಣಿಯ ಕಥೆ ತಿಳಿದ ದಿನ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ನಾನು ದಿನನಿತ್ಯ ಟೆಸ್ಟ್ ಫೈಲುಗಳಲ್ಲಿ ಹುಡುಕುವ ಸಾಲು ನಮ್ಮ ಪಕ್ಕದ ಊರಿನ ಗರಿಗಳಿಂದ ಹುಟ್ಟಿದ ಪುಸ್ತಕದಲ್ಲಿ ಇತ್ತು.

ನಕಲು ಮಾಡುವವರ ಲೋಕದಲ್ಲಿ ಈ ಗುಣ ಹಳೆಯದು. ನಾಡಿನ ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು, ನಾನು ಕಂಡ ಪ್ರತಿಯಲ್ಲಿ ಇದ್ದ ಹಾಗೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ಬಲ್ಲವರು ತಿದ್ದಿಕೊಳ್ಳಿ ಎಂಬರ್ಥದ ಮಾತು ಬರೆದಿರುತ್ತಾರೆ. ಮೂಡುಬಿದಿರೆಯ ಭಂಡಾರಗಳ ಗರಿಗಳನ್ನು ಒಂದೊಂದಾಗಿ ನೋಡಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಬಂತು. ಇಂಥ ಸೂಚಿಗಳಲ್ಲಿ ಪ್ರತಿ ಪೂರ್ಣವೋ ಅಪೂರ್ಣವೋ, ಜೀರ್ಣವೋ ಎಂಬ ಪುಟ್ಟ ಮಾತುಗಳು ಇರುತ್ತವಲ್ಲ, ಅವುಗಳ ಬೆಲೆ ಹುಡುಕಿಕೊಂಡು ಹೋಗುವವರಿಗೇ ಗೊತ್ತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರವನ್ನೂ ಹೇಳಬೇಕು. ಮಿತಿಯನ್ನು ಬರೆದಿಟ್ಟರೆ ಸಾಲದು, ಮಿತಿ ಹೋದ ದಿನ ಬರಹವೂ ಹೋಗಬೇಕು. ‘ಇದು ಸದ್ಯ ಕೆಲಸ ಮಾಡುವುದಿಲ್ಲ’ ಎಂಬ ಕಾಮೆಂಟ್, ಅದು ಸರಿಯಾದ ಎಷ್ಟೋ ಕಾಲದ ಮೇಲೂ ಅಲ್ಲೇ ಕೂತಿದ್ದರೆ ಹೊಸಬರನ್ನು ದಾರಿ ತಪ್ಪಿಸುತ್ತದೆ. ಪೈಥಾನ್ ಭಾಷೆಯ ಪೈಟೆಸ್ಟ್ ಎಂಬ ಸಾಧನದಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಫೇಲಾಗುತ್ತದೆಂದು ಮೊದಲೇ ಗೊತ್ತಿರುವ ಟೆಸ್ಟಿಗೆ ‘ಎಕ್ಸ್‌ಫೇಲ್’ ಎಂದು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯಬಹುದು. ‘ಸ್ಟ್ರಿಕ್ಟ್’ ಎಂದೂ ಸೇರಿಸಿದರೆ, ಆ ಟೆಸ್ಟ್ ಒಂದು ದಿನ ಪಾಸಾಗಿಬಿಟ್ಟಾಗ ಯಂತ್ರ ಅದನ್ನೇ ಫೇಲ್ ಎಂದು ಕೂಗಿ ಹೇಳುತ್ತದೆ. ನಿಮ್ಮ ಟಿಪ್ಪಣಿ ಹಳತಾಯಿತು, ಬಂದು ಅಳಿಸಿ ಎಂದು. ಎಚ್ಚರಿಕೆಯ ಮಾತೊಂದು ತನ್ನ ಕಾಲ ಮುಗಿದದ್ದನ್ನು ತಾನೇ ಸಾರುವ ಈ ವ್ಯವಸ್ಥೆ ಯಾರ ತಲೆಗೆ ಹೊಳೆಯಿತೋ, ಅವರಿಗೆ ಶರಣು.

ಕನ್ನಡದ ಪ್ಯಾಕೇಜುಗಳಿಗೆ ಇಂಥ ಟಿಪ್ಪಣಿಗಳ ಅಗತ್ಯ ಇನ್ನೂ ಹೆಚ್ಚು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಫಾಂಟುಗಳಿವೆ. ಫಾಂಟ್ ಫೈಲು ತೆರೆಯುತ್ತದೆಯೇ ಎಂದು ಯಂತ್ರಕ್ಕೆ ನೋಡುವುದು ಸುಲಭ. ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಬಲಕ್ಕೆ ಹೋಗಬೇಕು. ‘ರ‍್ಯಾಂಕ್’ ಎಂದು ಬರೆದಾಗ ರಕಾರ ತನ್ನ ಜಾಗದಲ್ಲೇ ನಿಂತು ಯಕಾರ ಒತ್ತಾಗಬೇಕು. ಎರಡನೆಯದಕ್ಕೆ ರಕಾರದ ಬೆನ್ನಿಗೆ ಝೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕಬೇಕಾಗುತ್ತದೆ. ಇದನ್ನು ನೋಡದ ಟೆಸ್ಟ್ ಪಾಸೆಂದರೂ ಪರದೆಯ ಮೇಲೆ ಅಕ್ಷರ ಕೆಡಬಹುದು. ಟೆಸ್ಟ್ ಬರೆದವರು ಕನ್ನಡ ಓದಲು ಬಾರದವರೂ ಆಗಿರಬಹುದು, ಅದರಲ್ಲಿ ತಪ್ಪೇನಿಲ್ಲ. ‘ಅಕ್ಷರಗಳ ಆಕಾರ ನೋಡಿಲ್ಲ, ಕನ್ನಡ ಬಲ್ಲವರು ನೋಡಬೇಕು’ ಎಂದು ಅವರು ಒಂದು ಸಾಲು ಬರೆದರೆ, ಕೆಲಸ ಯಾರಿಗಾಗಿ ಕಾದಿದೆ ಎಂದು ನಮಗೆ ತಿಳಿಯುತ್ತದೆ.

ಈಗ ಇನ್ನೊಂದು ಲಿಪಿಯ ಸರದಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಕರಾವಳಿಯ ಮಠ, ಮನೆಗಳ ಅದೆಷ್ಟೋ ಸಂಸ್ಕೃತ ಓಲೆಗರಿಗಳು, ಕೆಲವು ತುಳು ಕಾವ್ಯಗಳು ಇರುವುದು ಆ ಲಿಪಿಯಲ್ಲಿ. ಮುಂದೆ ಅದರ ಫಾಂಟುಗಳು ಪ್ಯಾಕೇಜಾಗುತ್ತವೆ, ಅವಕ್ಕೆ ಟೆಸ್ಟುಗಳು ಬರುತ್ತವೆ. ಬರೆಯುವವರು ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳೇ ಆಗಲಿ ಎಂದು ನನ್ನ ಆಸೆ. ಬೇರೆ ಬೇರೆ ಗರಿಗಳಲ್ಲಿ ಬೇರೆ ಬೇರೆ ಕೈಬರಹದಲ್ಲಿರುವ ಎಲ್ಲ ಒತ್ತಕ್ಷರಗಳೂ ಮೊದಲ ಟೆಸ್ಟಿಗೆ ದಕ್ಕಲಾರವು. ದಕ್ಕಬೇಕೆಂದು ಯಾರೂ ಕೇಳುವುದೂ ಇಲ್ಲ. ಯಾವ ರೂಪವನ್ನು ಹಿಡಿದು ನೋಡಿದೆವು, ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂಬುದನ್ನು ಟೆಸ್ಟಿನ ಪಕ್ಕದಲ್ಲೇ ಬರೆದಿಡಲಿ. ಇಂಗ್ಲಿಷಿನಲ್ಲಿ ಬರೆಯಲಿ, ಕನ್ನಡದಲ್ಲಿ ಬರೆಯಲಿ, ತುಳುವಿನಲ್ಲೇ ಬರೆಯಲಿ. ಹಳೆಯ ಗರಿ ಓದಬಲ್ಲವರೊಬ್ಬರು ಮುಂದೊಂದು ದಿನ ಆ ಫೈಲು ತೆರೆದಾಗ, ತಾವು ಎಲ್ಲಿಂದ ಶುರುಮಾಡಬೇಕೆಂದು ಅವರು ಯಾರನ್ನೂ ಕೇಳಬೇಕಾಗುವುದಿಲ್ಲ.